ನಾರ್ತ್ ಕೋಸ್ಟ್ 500: ಐದು ದಿನ, ಏಳು ಮೀಟರಿನ ವ್ಯಾನ್, ನಾಲ್ಕು ಜನ. ಆಗುತ್ತಾ?

ಹೇಮಾವತಿ_ತೀರ

ಮೇ ಕೊನೆಯ ವಾರದ ಹಾಫ್ ಟರ್ಮ್ ರಜೆಗೆ ಸ್ಕಾಟ್ಲೆಂಡಿನ ಎನ್‌ಸಿ500 (ನಾರ್ತ್ ಕೋಸ್ಟ್ 500, ಇನ್ವರ್ನೆಸ್‌ನಿಂದ ಉತ್ತರ ಕರಾವಳಿ ಸುತ್ತಿ ಬರೋ ರಸ್ತೆ) ಸುತ್ತಿ ಬರೋಣ ಅಂತಿದ್ದೇವೆ. ಬಲ್ಲವರು ಪ್ಲ್ಯಾನ್ ನೋಡಿ, ತಪ್ಪಿದ್ದರೆ ತಿದ್ದಿ.

ಇರೋದು ರೆಡಿಂಗ್‌ನಲ್ಲಿ. ದೊಡ್ಡವರು ಇಬ್ಬರು, ಮಕ್ಕಳು 9 ಮತ್ತು 6 ವರ್ಷದವರು. ಒಬ್ಬರದ್ದು ಯುಕೆ ಲೈಸೆನ್ಸ್, ಆಟೊಮ್ಯಾಟಿಕ್ ಮಾತ್ರ. ಇನ್ನೊಬ್ಬರದ್ದು ಕರ್ನಾಟಕದ ಲೈಸೆನ್ಸ್, ಇಲ್ಲಿಗೆ ಬಂದು 14 ತಿಂಗಳಾಯ್ತು.

ಪ್ಲ್ಯಾನ್ ಹೀಗಿದೆ. ಶನಿವಾರ ಇಲ್ಲಿಂದಲೇ ಬಾಡಿಗೆ ವ್ಯಾನ್ ತಗೊಂಡು ಇನ್ವರ್ನೆಸ್‌ಗೆ. ಭಾನುವಾರದಿಂದ ಗುರುವಾರದೊಳಗೆ 516 ಮೈಲಿಯ ಸುತ್ತು. ದಿನಕ್ಕೆ ನೂರು ಮೈಲಿ ಜಾಸ್ತಿ ಏನಲ್ಲ ಅನ್ನಿಸ್ತು. ನೋಡಿಟ್ಟಿರೋದು 7.2 ಮೀಟರ್ ಉದ್ದದ, ಆರು ಜನ ಮಲಗುವ ಮೋಟರ್‌ಹೋಮ್, ಮ್ಯಾನ್ಯುಯಲ್. ಗಡಿಯಾರದ ದಿಕ್ಕಿನಲ್ಲಿ ಹೋಗಿ ಮೊದಲ ದಿನವೇ ಬ್ಯಾಲಖ್ ನಾ ಬಾ ಘಾಟಿ ಹತ್ತಿ ಆಪಲ್‌ಕ್ರಾಸ್ ನೋಡೋದು. ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ರಾತ್ರಿ ತಂಗಬಹುದಂತೆ, ಹಾಗಾಗಿ ಕ್ಯಾಂಪ್‌ಸೈಟ್ ಬುಕ್ ಮಾಡಿಲ್ಲ. ನಾವು ಶುದ್ಧ ಸಸ್ಯಾಹಾರಿಗಳು, ಮನೆಯ ಇಂಡಕ್ಷನ್ ಒಲೆ ತಗೊಂಡು ಹೋಗ್ತೇವೆ.

ಇದರಲ್ಲಿ ಎಷ್ಟು ಸರಿ ಇದೆ?

---

ಸ್ಪ್ಯಾನರ್_ಸೆಟ್

ರಜೆ ಆರಿಸಿದ್ದು ಸರಿ ಇದೆ. ಉಳಿದದ್ದನ್ನೆಲ್ಲ ಬದಲಾಯಿಸಬೇಕಾಗುತ್ತೆ, ಬೇಜಾರು ಮಾಡ್ಕೋಬೇಡಿ.

ಮೊದಲು ಲೈಸೆನ್ಸ್. ಭಾರತದ ಲೈಸೆನ್ಸ್ ಇಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಮಾತ್ರ ನಡೆಯುತ್ತೆ. 14 ತಿಂಗಳಾಗಿದ್ದರೆ ಅವರು ಸ್ಟಿಯರಿಂಗ್ ಮುಟ್ಟೋ ಹಾಗಿಲ್ಲ. ಮುಟ್ಟಿದರೆ ಇನ್ಶೂರೆನ್ಸ್ ಕೂಡ ಇಲ್ಲ ಅಂತಲೇ ಲೆಕ್ಕ. ಇನ್ನೊಬ್ಬರು ಆಟೊಮ್ಯಾಟಿಕ್ ಟೆಸ್ಟ್ ಪಾಸಾದವರು, ಅವರು ಮ್ಯಾನ್ಯುಯಲ್ ಓಡಿಸುವಂತಿಲ್ಲ. ಅಂದರೆ ನೀವು ನೋಡಿಟ್ಟಿರೋ ಗಾಡಿಯನ್ನು ನಿಮ್ಮಿಬ್ಬರಲ್ಲಿ ಯಾರೂ ಓಡಿಸೋ ಹಾಗಿಲ್ಲ. ಬಾಡಿಗೆ ಕೊಡುವವರಲ್ಲಿ ಹಲವರು 25 ವಯಸ್ಸು, ಯುಕೆ ಲೈಸೆನ್ಸ್ ಬಂದು ಒಂದೆರಡು ವರ್ಷ ಆಗಿರಬೇಕು ಅನ್ನೋ ಷರತ್ತನ್ನೂ ಹಾಕ್ತಾರೆ. ಮುಂಗಡ ಕಟ್ಟೋ ಮುಂಚೆ ಅದನ್ನು ಓದಿ.

ಓಡಿಸುವವರು ಒಬ್ಬರೇ ಅಂದಮೇಲೆ ದೂರದ ಲೆಕ್ಕವೂ ಬದಲಾಗುತ್ತೆ. ರೆಡಿಂಗ್‌ನಿಂದ ಇನ್ವರ್ನೆಸ್ ಸುಮಾರು 550 ಮೈಲಿ, ವ್ಯಾನಿನಲ್ಲಿ ನಿಲ್ಲದೇ ಹೋದರೂ ಹತ್ತು ಹನ್ನೊಂದು ತಾಸು. ಒಬ್ಬ ಡ್ರೈವರಿಗೆ ಅದು ಎರಡು ದಿನದ ಕೆಲಸ, ವಾಪಸ್ ಬರೋಕೆ ಇನ್ನೆರಡು. ವ್ಯಾನನ್ನು ಇನ್ವರ್ನೆಸ್‌ನಲ್ಲೇ ಬಾಡಿಗೆಗೆ ತಗೊಳ್ಳಿ. ಲಂಡನ್ ಯೂಸ್ಟನ್‌ನಿಂದ ಶುಕ್ರವಾರ ರಾತ್ರಿ ಸ್ಲೀಪರ್ ರೈಲು ಹತ್ತಿದರೆ ಶನಿವಾರ ಬೆಳಿಗ್ಗೆ ಅಲ್ಲಿರ್ತೀರಿ. ಶನಿವಾರ ರಾತ್ರಿ ಆ ರೈಲು ಇಲ್ಲ, ವಾಪಸಾತಿ ಗೊತ್ತು ಮಾಡುವಾಗ ನೆನಪಿರಲಿ. ವಿಮಾನವೂ ಉಂಟು, ಆದರೆ ಗ್ಯಾಸ್ ಡಬ್ಬಿ ಒಯ್ಯುವಂತಿಲ್ಲ.

ಈಗ ಗಾಡಿಯ ಅಳತೆ. 7.2 ಮೀಟರಿನ ಮೋಟರ್‌ಹೋಮ್‌ನ ಬಾಡಿ ಅಗಲ 2.3 ಮೀಟರಿನ ಆಸುಪಾಸು, ಕನ್ನಡಿಗಳು ಬೇರೆ. ಸಿಂಗಲ್ ಟ್ರ್ಯಾಕ್ ರಸ್ತೆಯ ಡಾಂಬರು ಸುಮಾರು 3 ಮೀಟರ್. ಡ್ಯುಕಾಟೊ ಮಾದರಿಯ ವ್ಯಾನ್ ಕನ್ವರ್ಷನ್ (ಸಾಮಾನು ವ್ಯಾನನ್ನೇ ಮಲಗೋಕೆ ಮಾರ್ಪಡಿಸಿದ್ದು) 2.05 ಮೀಟರ್ ಅಗಲ, ಉದ್ದ ಸಾಮಾನ್ಯವಾಗಿ 6 ಮೀಟರ್. ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಟಿ6 ತರಹದ್ದು 1.9 ಮೀಟರ್ ಅಗಲ, 4.9 ಮೀಟರ್ ಉದ್ದ, ಎತ್ತರ 2 ಮೀಟರಿಗಿಂತ ಒಂದು ಕೂದಲೆಳೆ ಕಡಿಮೆ. ಮೇಲೆ ಇಬ್ಬರು, ಕೆಳಗೆ ಇಬ್ಬರು ಮಲಗಬಹುದು, ಆಟೊಮ್ಯಾಟಿಕ್ ಗೇರ್ ಸಿಗುತ್ತೆ. ಜಾಗ ಇಕ್ಕಟ್ಟು, ನಿಜ. ಆದರೆ ಒಬ್ಬರೇ ಓಡಿಸುವಾಗ ಅಗಲದಲ್ಲಿ ಉಳಿಯುವ ಆ 40 ಸೆಂಟಿಮೀಟರ್ ದಿನವಿಡೀ ಲೆಕ್ಕಕ್ಕೆ ಬರುತ್ತೆ, ಅಡುಗೆಮನೆಯ ಜಾಗ ಅರ್ಧ ತಾಸಿಗೆ ಮಾತ್ರ.

‘ಆರು ಬರ್ತ್’ ಅಂದರೆ ಆರು ಸೀಟ್‌ಬೆಲ್ಟ್ ಅಂತ ಅಲ್ಲ. ಬೆಲ್ಟ್ ಎಷ್ಟು, ಯಾವ ಕಡೆ ಮುಖ ಮಾಡಿವೆ ಅಂತ ಬರಹದಲ್ಲಿ ಕೇಳಿ ಪಡೆಯಿರಿ. ಮಕ್ಕಳಿಗೆ 12 ವರ್ಷ ಅಥವಾ 135 ಸೆಂ.ಮೀ. ಎತ್ತರ, ಯಾವುದು ಮೊದಲೋ ಅಲ್ಲಿಯವರೆಗೆ ಚೈಲ್ಡ್ ಸೀಟ್ ಕಡ್ಡಾಯ. ಪಕ್ಕಕ್ಕೆ ಮುಖ ಮಾಡಿದ ಬೆಂಚಿಗೆ ಆ ಸೀಟ್ ಕಟ್ಟೋಕಾಗಲ್ಲ.

ಇನ್ನು ಬ್ಯಾಲಖ್ ನಾ ಬಾ. ಸಮುದ್ರಮಟ್ಟದಿಂದ 626 ಮೀಟರಿಗೆ ಏರುತ್ತೆ, ಕೆಲವು ಕಡೆ ಏರು ಶೇ. 20. ಹೊಸದಾಗಿ ಓಡಿಸುವವರಿಗೂ ಬಹಳ ದೊಡ್ಡ ವಾಹನಕ್ಕೂ ಕ್ಯಾರವಾನಿಗೂ ಬೇಡ ಅಂತ ಬುಡದಲ್ಲೇ ಬೋರ್ಡ್ ಇದೆ. ಹೊಸ ಗಾಡಿಯಲ್ಲಿ ಮೊದಲ ದಿನಕ್ಕೆ ಅದು ಸಲ್ಲದು. ಆಪಲ್‌ಕ್ರಾಸ್ ನೋಡಲೇಬೇಕಿದ್ದರೆ ಶೀಲ್ಡೇಗ್ ಕಡೆಯಿಂದ ಕರಾವಳಿ ರಸ್ತೆ ಇದೆ. ಅದೂ ಸಿಂಗಲ್ ಟ್ರ್ಯಾಕೇ, ಆದರೆ ಆ ಕಡಿದಾದ ಹೇರ್‌ಪಿನ್‌ಗಳಿಲ್ಲ.

ಅದಕ್ಕೇ ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ಹೋಗಿ. ಪೂರ್ವ ಕರಾವಳಿಯ ಎ9, ಎ99 ಎರಡು ಲೇನಿನ ರಸ್ತೆಗಳು. ಗಾಡಿಯ ಅಳತೆ ಕೈಗೆ ಕೂರೋಕೆ ಎರಡು ದಿನ ಸಿಗುತ್ತೆ. ಸಿಂಗಲ್ ಟ್ರ್ಯಾಕ್ ಶುರುವಾಗೋದು ಥರ್ಸೋ ದಾಟಿದ ಮೇಲೆ.

---

ಖಡಕ್_ರೊಟ್ಟಿ

ಗಾಡಿ ಬಗ್ಗೆ ಮ್ಯಾಲಿನವರು ಹೇಳ್ಯಾರ, ನಾ ರಸ್ತೆ ಬಗ್ಗೆ ಅಷ್ಟ ಬರೀತೀನಿ.

ಸಿಂಗಲ್ ಟ್ರ್ಯಾಕ್ ಅಂದ್ರ ಹೋಗೋರಿಗೂ ಬರೋರಿಗೂ ಕೂಡಿ ಒಂದ ಗಾಡಿ ಅಗಲದ ಡಾಂಬರು. ಅಲ್ಲಲ್ಲೆ ಪಾಸಿಂಗ್ ಪ್ಲೇಸ್ ಅಂತ ಬೋರ್ಡ್ ಹಾಕಿದ ಅಗಲ ಜಾಗ ಇರ್ತಾವ. ಅದು ನಿಮ್ಮ ಎಡಕ್ಕಿದ್ರ ಒಳಗ ಸರೀರಿ. ಬಲಕ್ಕಿದ್ರ ಅಲ್ಲಿಗೆ ದಾಟಿ ಹೋಗಬ್ಯಾಡ್ರಿ, ನಿಮ್ಮ ಬಾಜೂಕ ಅದರ ಎದುರಿಗೆ ನಿಂದ್ರಿ. ಎದುರಿನವ ಆ ಜಾಗಕ್ಕ ಸರದು ನಿಮ್ಮನ್ನ ದಾಟ್ತಾನ. ಹೊಸಬರು ಬಲಕ್ಕ ನುಗ್ಗೋದ ಇಲ್ಲಿ ದೊಡ್ಡ ತಪ್ಪು, ಎದುರಿನವಂಗ ನೀವು ಏನ ಮಾಡಾಕತ್ತೀರಿ ತಿಳಿಯಂಗಿಲ್ಲ.

ಏರು ಹತ್ತೋ ಗಾಡಿಗೆ ಮೊದಲು ದಾರಿ. ನಮ್ಮ ಘಾಟಿನ್ಯಾಗೂ ಇದ ನಿಯಮ, ಖರೆ ಅಲ್ಲಿ ಹಾರ್ನ್ ಮ್ಯಾಲ ಹಾರ್ನ್ ಹೊಡೀತೀವಿ. ಇಲ್ಲಿ ಹಾರ್ನ್ ಒತ್ತಿದ್ರ ಬೈದಂಗ. ಹೆಡ್‌ಲೈಟ್ ಒಮ್ಮೆ ಮಿಂಚಿಸಿದ್ರ ‘ನೀವು ಬರ್ರಿ’ ಅಂತ. ದಾಟಿದ ಮ್ಯಾಲ ಕೈ ಎತ್ತೋದು ಮರೀಬ್ಯಾಡ್ರಿ.

ಹಿಂದ ಯಾರರ ಅಂಟಿಕೊಂಡು ಬರಾಕತ್ತಿದ್ರ ಅವರನ್ನ ಮುಂದ ಬಿಡ್ರಿ. ಅವರು ಡಾಕ್ಟರೋ ಟಪಾಲಿನವರೋ ಇರ್ತಾರ, ನಿಮ್ಮಂಗ ರಜೆದ ಮ್ಯಾಲ ಬಂದವರಲ್ಲ. ಫೋಟೋಕ್ಕಂತ, ಚಾಕ್ಕಂತ ಪಾಸಿಂಗ್ ಪ್ಲೇಸ್‌ನ್ಯಾಗ ಗಾಡಿ ನಿಲ್ಲಿಸಬ್ಯಾಡ್ರಿ.

ಕಣ್ಣು ಮುಂದಿನ ತಿರುವಿನ ಮ್ಯಾಲ ಅಲ್ಲ, ಮುಂದಿನ ಎರಡು ಬೋರ್ಡಿನ ಮ್ಯಾಲ ಇರಲಿ. ಎದುರು ಗಾಡಿ ಕಂಡ ಕೂಡಲೆ ಹತ್ತರದ ಜಾಗದಾಗ ನಿಂತುಬಿಟ್ರ ರಿವರ್ಸ್ ಹಾಕೋ ಪ್ರಸಂಗನ ಬರಂಗಿಲ್ಲ. ಬಂದ್ರ ಪಕ್ಕದವರು ಕೆಳಗಿಳದು ಎಡಗಡೆ ಹಿಂದಿನ ಗಾಲಿ ನೋಡ್ಕೋಬೇಕು, ಕ್ಯಾಮೆರಾ ಒಂದ ನಂಬಬ್ಯಾಡ್ರಿ. ಡಾಂಬರಿನ ಅಂಚಿಗೆ ಹುಲ್ಲು ಕಂಡ್ರ ಅದು ಗಟ್ಟಿ ನೆಲ ಅಂತ ತಿಳೀಬ್ಯಾಡ್ರಿ. ಕೆಳಗ ನೀರು ಕುಡದ ಪೀಟ್ ಮಣ್ಣು (ಕೊಳತ ಗಿಡಗಂಟಿದು), ಮ್ಯಾಲ ಹುಲ್ಲು ಅಷ್ಟ. ಎರಡೂವರಿ ಮೂರು ಟನ್ನಿನ ಗಾಡಿದು ಒಂದು ಗಾಲಿ ಇಳೀತಂದ್ರ ಎಳ್ಯಾಕ ಬ್ಯಾರೆ ಗಾಡಿನ ಬರಬೇಕು, ಅದು ಐವತ್ತು ಮೈಲಿ ದೂರದಿಂದ.

ಇಳಿಜಾರದಾಗ ಬ್ರೇಕ್ ಒತ್ತಿಕೊಂಡ ಹೋದ್ರ ಕಾದು ಹಿಡ್ಯೋದು ಬಿಡತೈತಿ. ಆಟೊಮ್ಯಾಟಿಕ್ ಇದ್ರ ಮ್ಯಾನ್ಯುಯಲ್ ಮೋಡಿಗೆ ಹಾಕಿ ಎರಡನೇ ಗೇರಿನ್ಯಾಗ ಇಳಸ್ರಿ. ಸುಟ್ಟ ವಾಸನಿ ಬಂದ್ರ ನಿಲ್ಲಿಸಿ 20 ನಿಮಿಷ ಆರಾಕ ಬಿಡ್ರಿ, ನೀರು ಸುರೀಬ್ಯಾಡ್ರಿ.

ಸರಾಸರಿ ವೇಗ ತಾಸಿಗೆ 20–25 ಮೈಲಿ ಅಂತ ಹಿಡೀರಿ. ಮೊಬೈಲ್ ಮ್ಯಾಪು ‘ಒಂದು ತಾಸು’ ಅಂದಲ್ಲೆ ಎರಡು. ಮೇ ತಿಂಗಳದಾಗ ಕುರಿಮರಿಗಳು ರಸ್ತೆದ ಮ್ಯಾಲ ಮಲಗಿರ್ತಾವ. ತಾಯಿ ಒಂದು ಬಾಜೂಕ, ಮರಿ ಇನ್ನೊಂದು ಬಾಜೂಕ ಇದ್ರ ಮರಿ ಓಡಿ ಬಂದ ಬರತೈತಿ. ಸಂಜಿ ಮುಂದ ಜಿಂಕೆ.

ಟ್ಯಾಂಕ್ ಅರ್ಧಕ್ಕ ಇಳದ್ರ ಮುಂದಿನ ಪಂಪಿನ್ಯಾಗ ತುಂಬಸ್ರಿ. ಹಳ್ಯಾಗಿನ ಪಂಪ್‌ಗೋಳು ಬಾಳ ಕಡೆ ಕಾರ್ಡ್ ಹಾಕಿ ನೀವ ತುಂಬ್ಕೊಳ್ಳೋವು. ಡೀಸೆಲ್ ನಳಿಗಿ ಕರೀದು, ಪೆಟ್ರೋಲಿಂದು ಹಸರು. ನೀಲಿ ಮುಚ್ಚಳ ಇದ್ದದ್ದು ಆ್ಯಡ್‌ಬ್ಲೂ, ಹೊಗಿ ಶುದ್ಧ ಮಾಡೋ ದ್ರವ, ಇಂಧನ ಅಲ್ಲ. ಅದನ್ನ ಡೀಸೆಲ್ ಟ್ಯಾಂಕಿಗೆ ಸುರದ್ರ ಇಗ್ನಿಷನ್ ಸುದ್ದಾ ಹಾಕಬ್ಯಾಡ್ರಿ. ಹಾಕಿದ್ರ ಪಂಪು ಅದನ್ನ ಎಳಕೊಂಡು, ಟ್ಯಾಂಕ್ ತೊಳ್ಯೋ ಖರ್ಚಿನ ಜೋಡಿ ಇಡೀ ಇಂಧನದ ಲೈನ್ ಬದಲಿಸೋ ಖರ್ಚು ಬರತೈತಿ.

---

ಕಡಲಕರೆ

ಇಂಡಕ್ಷನ್ ಮನೆಯಲ್ಲೇ ಇರ್ಲಿ ಮಾರಾಯ್ರೆ.

ಲೆಕ್ಕ ನೋಡಿ. 2000 ವ್ಯಾಟಿನ ಒಲೆಗೆ 12 ವೋಲ್ಟಿನ ಬ್ಯಾಟರಿಯಿಂದ 166 ಆಂಪ್‌ಗೂ ಮೇಲೆ ಬೇಕು. ಇಂಥ ವ್ಯಾನಿನ ಲೀಷರ್ ಬ್ಯಾಟರಿ (ಎಂಜಿನ್ನಿಗಲ್ಲ, ಒಳಗಿನ ಬಳಕೆಗೆ ಇರುವ ಬೇರೆ ಬ್ಯಾಟರಿ) 100ರಿಂದ 150 ಆಂಪ್ ಅವರ್. ಲೆಡ್ ಆ್ಯಸಿಡ್ ಜಾತಿಯದ್ದಾದ್ರೆ ಅದರಲ್ಲಿ ಅರ್ಧ ಮಾತ್ರ ಬಳಸ್ಬಹುದು. ಒಳಗಿನ ಇನ್ವರ್ಟರ್ ಲ್ಯಾಪ್‌ಟಾಪ್ ಚಾರ್ಜಿಗೆ ಸಾಕು, ಒಲೆಗೆ ಅಲ್ಲ. ಕ್ಯಾಂಪ್‌ಸೈಟಿನ ಹುಕ್ಅಪ್‌ನಲ್ಲಿ (ಗಾಡಿಗೆ ಹೊರಗಿನಿಂದ ಕೊಡುವ ಕರೆಂಟ್) ಓಡ್ತದೆ, ಆದ್ರೆ ಅಲ್ಲಿ 10 ಆಂಪ್ ಇದ್ರೆ ಒಟ್ಟು 2300 ವ್ಯಾಟ್. ಇಂಡಕ್ಷನ್ ಉರೀತಿರುವಾಗ ಯಾರಾದ್ರೂ ಕೆಟಲ್ ಹಾಕಿದ್ರೆ ಟ್ರಿಪ್.

ಆ ಬ್ಯಾಟರಿ ಇರುವುದು ಫ್ರಿಜ್ಜಿಗೆ. ಕಂಪ್ರೆಸರ್ ಫ್ರಿಜ್ 45 ವ್ಯಾಟ್ ಅಂತ ಇಟ್ಕೊಂಡು, ದಿನದ ಶೇ. 40 ಹೊತ್ತು ಓಡಿದ್ರೆ ಸುಮಾರು 36 ಆಂಪ್ ಅವರ್. ದೀಪ, ಫೋನು, ರಾತ್ರಿ ಡೀಸೆಲ್ ಹೀಟರಿನ ಫ್ಯಾನು ಸೇರಿದ್ರೆ 50 ಹತ್ರ. ಗಾಡಿ ಓಡಿಸದೆ ಒಂದೇ ಕಡೆ ನಿಂತ್ರೆ ಒಂದರಿಂದ ಒಂದೂವರೆ ದಿನಕ್ಕೆ ಕೈ ಎತ್ತಿತು ಅಂತ. ಎರಡು ರಾತ್ರಿ ನಿಲ್ಲುವ ಕಡೆ ಹುಕ್ಅಪ್ ಇರುವ ಜಾಗವನ್ನೇ ಬುಕ್ ಮಾಡಿ.

ಅಡುಗೆ ಗ್ಯಾಸಿನಲ್ಲೇ. ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪಿಂಗ್‌ಗಾಝ್ 907 ಸಿಲಿಂಡರ್ ಬರ್ತದೆ, 2.75 ಕೆ.ಜಿ. ಬ್ಯೂಟೇನ್. 1.8 ಕಿಲೋವ್ಯಾಟ್ ಬರ್ನರ್ ತಾಸಿಗೆ ಸುಮಾರು 130 ಗ್ರಾಂ ಕುಡೀತದೆ, ಅಂದ್ರೆ ಒಂದು ಸಿಲಿಂಡರ್ 20 ತಾಸು. ದಿನಕ್ಕೆ ಎರಡು ತಾಸು ಉರಿಸಿದ್ರೂ ನಿಮ್ಮ ವಾರಕ್ಕೆ ಸಾಕು. ಆದ್ರೆ ಅರ್ಧ ಖಾಲಿಯಾದ್ದು ಕೊಡ್ತಾರಾ ಅಂತ ವ್ಯಾನ್ ತಗೊಳ್ಳುವಾಗ್ಲೇ ಎತ್ತಿ ನೋಡಿ. ಬ್ಯೂಟೇನ್ ಸೊನ್ನೆ ಡಿಗ್ರಿ ಹತ್ರ ಆವಿಯಾಗುವುದಿಲ್ಲ. ಮೇ ತಿಂಗಳಿಗೆ ತೊಂದ್ರೆ ಇಲ್ಲ, ಚಳಿಗಾಲಕ್ಕಾದ್ರೆ ಪ್ರೊಪೇನ್ ಬೇಕು. ಗಾಡಿ ಹೊರಡುವಾಗ ಸಿಲಿಂಡರಿನ ವಾಲ್ವ್ ಬಂದ್ ಮಾಡಿಯೇ ಹೊರಡಿ.

3 ಲೀಟರಿನ ಕುಕ್ಕರ್ ಸಾಕು. ಎರಡು ಬರ್ನರ್ ಹತ್ತಿರ ಹತ್ತಿರ ಇರ್ತವೆ, 5 ಲೀಟರಿದ್ದು ಇಟ್ರೆ ಪಕ್ಕದ್ದಕ್ಕೆ ಜಾಗ ಇಲ್ಲ. ಬೇಳೆ ಕೆಳಗೆ, ಅನ್ನ ಮೇಲೆ ಡಬ್ಬಿಯಲ್ಲಿ, ಒಂದೇ ಸಲಕ್ಕೆ ಆಗ್ತದೆ. ಗಾಡಿ ಮಟ್ಟಸವಾಗಿ ನಿಂತಿರ್ಬೇಕು, ಇಲ್ಲದಿದ್ರೆ ಕುಕ್ಕರ್ ಜಾರ್ತದೆ. ಮುಂದಿನ ಗಾಲಿ ಕೆಳಗೆ ಇಡುವ ಲೆವೆಲಿಂಗ್ ಬ್ಲಾಕ್ ಕೇಳಿ ಪಡೀರಿ. ದೋಸೆ ಹಿಟ್ಟು ಆ ಚಳಿಗೆ ಹುಳಿ ಬರುವುದಿಲ್ಲ, ಉದ್ದು ನೆನೆಸುವ ಸಾಹಸ ಬೇಡ. ಅವಲಕ್ಕಿ, ಹುರಿದಿಟ್ಟ ರವೆ, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಇದ್ರೆ ಬೆಳಿಗ್ಗೆ ಹತ್ತು ನಿಮಿಷದ ಕೆಲ್ಸ.

ಒಗ್ಗರಣೆ ಹೊರಗೆ ಹಾಕಿ. ಒಳಗೆ ಹಾಕಿದ್ರೆ ಹೊಗೆಯ ಅಲಾರಂ ಬಡ್ಕೊಳ್ತದೆ, ಮೇಲಿನ ಪಾಪ್‌ಟಾಪ್ (ಎತ್ತುವ ಛಾವಣಿ) ಬಟ್ಟೆಗೆ ಇಂಗಿನ ವಾಸನೆ ಕೂತ್ರೆ ಬಾಡಿಗೆಯವರು ಕ್ಲೀನಿಂಗ್ ಚಾರ್ಜ್ ಹಾಕ್ತಾರೆ. ಒಳಗೆ ಗ್ಯಾಸ್ ಉರಿಸುವಾಗ ಕಿಟಕಿ ತೆರೆದೇ ಇರ್ಬೇಕು, ಒಲೆಯನ್ನು ಹೀಟರ್ ಥರ ಬಳಸ್ಲೇಬಾರ್ದು. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದರ ಅಲಾರಂ ಇದೆಯಾ ನೋಡಿ. ಇನ್ನೊಂದು ಸಂಗತಿ ಯಾರೂ ಹೇಳುವುದಿಲ್ಲ: 1 ಕೆ.ಜಿ. ಬ್ಯೂಟೇನ್ ಉರಿದ್ರೆ ಒಂದೂವರೆ ಕೆ.ಜಿ. ನೀರಾವಿ ಬರ್ತದೆ. ಕುಕ್ಕರಿನ ಹಬೆ, ನಾಲ್ಕು ಜನರ ಉಸಿರು ಎಲ್ಲ ಸೇರಿ ಬೆಳಿಗ್ಗೆ ಗಾಜಿನಿಂದ ನೀರು ಇಳೀತದೆ, ಹಾಸಿಗೆಯ ಅಡಿ ಒದ್ದೆ. ಮಲಗುವಾಗ ಒಂದು ಕಿಟಕಿ ಎರಡು ಬೆರಳಿನಷ್ಟು ತೆರೆದಿಡಿ.

ತೊಗರಿಬೇಳೆ, ಕರಿಬೇವು ಎಲ್ಲ ಇಲ್ಲಿಂದಲೇ. ಇನ್ವರ್ನೆಸ್ ಬಿಟ್ರೆ ದೊಡ್ಡ ಅಂಗಡಿ ಟೇನ್, ವಿಕ್, ಥರ್ಸೋ, ಉಲ್ಲಾಪೂಲ್‌ನಂಥ ಕೆಲವೇ ಊರುಗಳಲ್ಲಿ. ಮಧ್ಯದ ಹಳ್ಳಿ ಅಂಗಡಿಗಳಲ್ಲಿ ಹಾಲು, ಬ್ರೆಡ್ಡು, ಈರುಳ್ಳಿ, ಆಲೂಗಡ್ಡೆ ಸಿಕ್ಕಿತು. ಭಾನುವಾರ ಪಶ್ಚಿಮದ ಕಡೆ ಕೆಲವು ತೆರೆಯುವುದೇ ಇಲ್ಲ.

---

ಹೇಮಾವತಿ_ತೀರ

ಎಲ್ಲರಿಗೂ ಧನ್ಯವಾದ. ಮೋಟರ್‌ಹೋಮ್ ಕೈಬಿಟ್ಟು ಕ್ಯಾಲಿಫೋರ್ನಿಯಾ ಆಟೊಮ್ಯಾಟಿಕ್ ಹುಡುಕ್ತಿದ್ದೇವೆ, ಇನ್ವರ್ನೆಸ್‌ನಿಂದಲೇ. ಆದರೆ ಅದರಲ್ಲಿ ಟಾಯ್ಲೆಟ್ ಇಲ್ಲ. ಮಕ್ಕಳಿಗೆ ರಾತ್ರಿ ಏನು ಮಾಡೋದು? ಎಲ್ಲಿ ಬೇಕಾದರೂ ತಂಗಬಹುದು ಅನ್ನೋದು ಸುಳ್ಳಾ? ‘ಮಿಜ್’ ಅನ್ನೋ ಸೊಳ್ಳೆ ಬಗ್ಗೆಯೂ ಎಲ್ಲರೂ ಹೆದರಿಸ್ತಾರೆ.

---

ಮಳೆಗಾಲ_ಮೂರು_ತಿಂಗಳು

2003ರ ಸ್ಕಾಟ್ಲೆಂಡ್ ಭೂಸುಧಾರಣಾ ಕಾಯ್ದೆ ಕೊಡುವ ಹಕ್ಕು ಕಾಲ್ನಡಿಗೆ, ಸೈಕಲ್, ಟೆಂಟಿನವರಿಗೆ. ಮೋಟಾರು ವಾಹನ ಅದರಿಂದ ಹೊರಗಿದೆ. ರಸ್ತೆ ಬದಿಯ ಜಾಗಕ್ಕೂ ಒಬ್ಬ ಮಾಲೀಕರಿರ್ತಾರೆ, ತಂಗೋದು ಅವರ ಒಪ್ಪಿಗೆ ಮೇಲೆ. ಕಾರ್ ಪಾರ್ಕುಗಳಲ್ಲಿ ಬೋರ್ಡ್ ಓದಿ: ಕೆಲವು ಕಡೆ ಬಿಡ್ತಾರೆ, ಕೆಲವು ಕಡೆ ರಾತ್ರಿ ನಿಷೇಧ. ಕಡಲಂಚಿನ ಮೆತ್ತನೆ ಹುಲ್ಲುಗಾವಲಿಗೆ ‘ಮಾಖರ್’ ಅಂತಾರೆ. ಅದರ ಮೇಲೆ ಗಾಲಿ ಹತ್ತಿಸಬೇಡಿ. ಮರಳಿನ ಮೇಲೆ ಬೇರು ಹಿಡಿದಿರೋ ತೆಳು ಪದರ ಒಮ್ಮೆ ಹರಿದರೆ ಗಾಳಿಗೆ ಮರಳು ಹಾರಿ ಗಾಯ ದೊಡ್ಡದಾಗ್ತಾ ಹೋಗುತ್ತೆ. ಪೀಟ್ ನೆಲದ ಮೇಲೆ ಬೆಂಕಿ ಹಾಕೋದಂತೂ ಬೇಡವೇ ಬೇಡ. ಮೇಲೆ ಆರಿದಂತೆ ಕಂಡರೂ ಒಳಗೊಳಗೇ ಉರೀತಿರುತ್ತೆ.

ಹಾಫ್ ಟರ್ಮ್ ವಾರ, ಅದರ ಜೊತೆ ಮೇ ಕೊನೆಯ ಸೋಮವಾರ ಇಂಗ್ಲೆಂಡಿನಲ್ಲಿ ಬ್ಯಾಂಕ್ ಹಾಲಿಡೇ. ಮಕ್ಕಳನ್ನು ಕಟ್ಟಿಕೊಂಡು ಸಂಜೆ ಏಳಕ್ಕೆ ಜಾಗ ಹುಡುಕೋದು ಹಿಂಸೆ. ಎಲ್ಲ ರಾತ್ರಿಗಳಿಗೂ ಕ್ಯಾಂಪ್‌ಸೈಟ್ ಬುಕ್ ಮಾಡಿ.

ಟಾಯ್ಲೆಟ್‌ಗೆ ಪೋರ್ಟಾ ಪಾಟಿ ಅನ್ನೋ ಪೆಟ್ಟಿಗೆ ಸಿಗುತ್ತೆ, ಕೆಳಗಿನ ಟ್ಯಾಂಕ್ 10ರಿಂದ 20 ಲೀಟರ್. ನಮ್ಮವರು ಮಾಡೋ ಲೆಕ್ಕದ ತಪ್ಪು ಇಲ್ಲೇ. ಕಂಪನಿ ಹೇಳೋ ದಿನಗಳು ಕಾಗದ ಬಳಸುವವರಿಗೆ. ಮಗ್ಗಿನಲ್ಲಿ ನೀರು ಬಳಸಿದರೆ ಪ್ರತಿ ಸಲ ಅರ್ಧ ಲೀಟರಾದರೂ ಹೆಚ್ಚು, 10 ಲೀಟರ್ ಟ್ಯಾಂಕ್ ಒಂದೇ ದಿನಕ್ಕೆ ತುಂಬುತ್ತೆ. ಅದನ್ನು ರಾತ್ರಿಯ ಮೂತ್ರಕ್ಕೆ ಮಾತ್ರ ಇಟ್ಟುಕೊಳ್ಳಿ, ಉಳಿದದ್ದಕ್ಕೆ ಕ್ಯಾಂಪ್‌ಸೈಟ್. ಖಾಲಿ ಮಾಡೋದು ಕೆಮಿಕಲ್ ಡಿಸ್ಪೋಸಲ್ ಪಾಯಿಂಟ್‌ನಲ್ಲಿ ಮಾತ್ರ. ಸಾರ್ವಜನಿಕ ಶೌಚಾಲಯಕ್ಕೆ ಸುರಿದರೆ ಪೆಟ್ಟಿಗೆಯ ಟ್ಯಾಂಕಿಗೆ ಹಾಕೋ ನೀಲಿ ದ್ರವ ಹಳ್ಳಿಯ ಸೆಪ್ಟಿಕ್ ಟ್ಯಾಂಕಿನ ಬ್ಯಾಕ್ಟೀರಿಯಾ ಸಾಯಿಸುತ್ತೆ, ಟ್ಯಾಂಕ್ ಕೆಲಸ ನಿಲ್ಲಿಸುತ್ತೆ. ಅಲ್ಲೇ ಪಕ್ಕದಲ್ಲಿ ತೊಳೆಯೋಕೆ ಒಂದು ನಲ್ಲಿ ಇರುತ್ತೆ. ಅದರಿಂದ ಕುಡಿಯುವ ನೀರು ಹಿಡೀಬೇಡಿ.

ಮಿಜ್ ಸೊಳ್ಳೆ ಅಲ್ಲ, 2 ಮಿಲಿಮೀಟರೂ ಇಲ್ಲದ ಗುಂಗುರು. ಕಚ್ಚೋದು ಹಿಂಡಿನಲ್ಲಿ. ಊರಿನ ಸೊಳ್ಳೆಪರದೆಯ ಕಣ್ಣಿನಲ್ಲಿ ಆರಾಮಾಗಿ ತೂರುತ್ತೆ, ಮಿಜ್‌ಗೆಂದೇ ಮಾಡಿದ ಸಣ್ಣ ಕಣ್ಣಿನ ಮುಖದ ಬಲೆ ಬೇಕು. ಜೂನ್‌ನಿಂದ ಆಗಸ್ಟ್ ಅವುಗಳ ಕಾಲ, ಮೇ ಕೊನೆಗೆ ಶುರು ಅಷ್ಟೇ. ಗಾಳಿ ತಾಸಿಗೆ 7 ಮೈಲಿ ದಾಟಿದರೆ ಹಾರೋಕಾಗಲ್ಲ. ಹಾಗಾಗಿ ಗಾಳಿ ಇಲ್ಲದ ಮರದ ಮರೆ, ಹಳ್ಳದ ದಂಡೆ ಬಿಟ್ಟು ಗಾಳಿ ಆಡೋ ಕಡೆ ನಿಲ್ಲಿಸಿ. ಗಾಳಿ ಜೋರಾದರೆ ಮೂತಿಯನ್ನು ಗಾಳಿಗೆ ಕೊಟ್ಟು ನಿಲ್ಲಿಸಿ, ಪಾಪ್‌ಟಾಪ್ ಇಳಿಸಿ. ಆ ರಾತ್ರಿ ನಾಲ್ಕೂ ಜನ ಕೆಳಗೆ ಮುದುರಿಕೊಳ್ಳಬೇಕಾಗುತ್ತೆ.

ಮಿಜ್‌ಗಿಂತ ಉಣುಗಿನ ಬಗ್ಗೆ ಜಾಸ್ತಿ ಹುಷಾರಾಗಿರಿ. ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡೋ ಉಣುಗಿನ ಜಾತಿ ಬೇರೆ. ಇಲ್ಲಿಯದು ಲೈಮ್ ಕಾಯಿಲೆ ಹರಡುತ್ತೆ. ಮಕ್ಕಳು ಜರೀಗಿಡ, ಉದ್ದ ಹುಲ್ಲಿನಲ್ಲಿ ಆಡಿ ಬಂದ ದಿನ ಮಂಡಿಯ ಹಿಂದೆ, ತೊಡೆಸಂದು, ಕಿವಿಯ ಹಿಂದೆ, ಕೂದಲಂಚು ನೋಡಿ. ಇಂಬಳಕ್ಕೆ ಮಾಡೋ ಹಾಗೆ ಉಪ್ಪು, ಎಣ್ಣೆ, ಬೆಂಕಿಕಡ್ಡಿ ಯಾವುದೂ ಬೇಡ. ಉಣುಗು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೆ ಕಕ್ಕೋ ಸಾಧ್ಯತೆ ಇದೆ. ಪ್ಲಾಸ್ಟಿಕ್ ಕೊಕ್ಕೆ ಸಿಗುತ್ತೆ, ಚರ್ಮಕ್ಕೆ ತಾಗಿಸಿ ಒಳಗೆ ತೂರಿಸಿ ತಿರುಗಿಸುತ್ತಾ ಎತ್ತಿ. ತಾರೀಕು ಬರೆದಿಡಿ. 3ರಿಂದ 30 ದಿನದೊಳಗೆ ಆ ಜಾಗದಲ್ಲಿ ಕೆಂಪು ಹರಡಿದರೆ ಜಿಪಿ ಹತ್ತಿರ ಹೋಗಿ.

---

ಸ್ಪ್ಯಾನರ್_ಸೆಟ್

ಏಳು ರಾತ್ರಿ ಸಿಗುತ್ತೆ ಅಂದ್ಕೊಂಡು ಒಂದು ಹಂಚಿಕೆ. ವ್ಯಾನ್ ಕೈಗೆ ಸಿಗೋದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ, ಹಿಂತಿರುಗಿಸೋದು ಬೆಳಿಗ್ಗೆ.

ಶನಿವಾರ ಸಾಮಾನು ಕೊಂಡು ಡಾರ್ನಾಕ್, 45 ಮೈಲಿ. ಅಷ್ಟೇ ಸಾಕು, ಹಾಸಿಗೆ ಬಿಡಿಸೋದು, ಹೀಟರ್, ನೀರಿನ ಟ್ಯಾಂಕ್ ಕಲಿಯೋದಕ್ಕೇ ಸಂಜೆ ಹೋಗುತ್ತೆ. ಭಾನುವಾರ ಡಂಕನ್ಸ್‌ಬೀ ಹೆಡ್ ಬಂಡೆಗಳನ್ನು ನೋಡಿ ಡನೆಟ್ ಬೇ. ಸೋಮವಾರ ಡರ್ನೆಸ್, 80 ಮೈಲಿ ಅಂತ ಕಂಡರೂ ಟಂಗ್ ಆದಮೇಲೆ ಎರಿಬೋಲ್ ಸರೋವರದಂಥ ಕಡಲತೋಳನ್ನು ಪೂರ್ತಿ ಸುತ್ತಬೇಕು, ಇಡೀ ದಿನ ಇಡಿ. ಮಂಗಳವಾರ ಎಲ್ಲೂ ಹೋಗಬೇಡಿ. ಸ್ಮೂ ಗುಹೆ, ಬಾಲ್ನಕೀಲ್ ಮರಳದಂಡೆ ಎರಡೂ ಅಲ್ಲೇ. ಡ್ರೈವರಿಗೂ ರಜೆ ಬೇಕು. ಹುಕ್ಅಪ್ ಬೇಕಾದ್ದು ಈ ಎರಡು ರಾತ್ರಿಗೆ.

ಬುಧವಾರ ಕೈಲ್‌ಸ್ಕೂ ಸೇತುವೆ ದಾಟಿ ಎ837ರಲ್ಲಿ ಲಾಖಿನ್ವರ್, ಅಲ್ಲಿಂದ ಕ್ಲಾಖ್‌ಟಾಲ್. ಮ್ಯಾಪ್ ನಿಮ್ಮನ್ನು ಬಿ869ರ ಡ್ರಂಬೆಗ್ ಕಡೆಯಿಂದ ತಳ್ಳೋಕೆ ನೋಡುತ್ತೆ. ಒಪ್ಪಬೇಡಿ, ಅಲ್ಲಿ ಶೇ. 25ರ ಏರುಗಳಿವೆ. ಲಾಖಿನ್ವರ್ ಕಡೆಯಿಂದ ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಗುರುವಾರ ಉಲ್ಲಾಪೂಲ್‌ನಲ್ಲಿ ಡೀಸೆಲ್, ತರಕಾರಿ, ಮುಂದೆ ಕೊರಿಶಾಲಖ್ ಕಮರಿ ನೋಡಿ ಗೇರ್‌ಲಾಖ್. ಶುಕ್ರವಾರ ಕಿನ್‌ಲಾಖ್‌ಯೂವಿನಿಂದ ಒಳಗೆ ಟಾರಿಡನ್‌ವರೆಗೆ ಹೋಗಿ, ಹಿಂದಿರುಗಿ ಇನ್ವರ್ನೆಸ್ ಹತ್ತಿರ ರಾತ್ರಿ.

ಆಪಲ್‌ಕ್ರಾಸ್ ಈ ಸಲ ಇಲ್ಲ. ಅದನ್ನು ತುರುಕಿದರೆ ಮಂಗಳವಾರದ ರಜೆ ಹೋಗುತ್ತೆ, ಆ ಬದಲಿ ಒಳ್ಳೆಯದಲ್ಲ.

ಕಣಿವೆಗಳಲ್ಲಿ ಸಿಗ್ನಲ್ ಇರಲ್ಲ, ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ‘ರಿಜಿಸ್ಟರ್’ ಅನ್ನೋ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೆ ಮೆಸೇಜ್ ಮಾಡಿ ಮೊದಲೇ ನೋಂದಾಯಿಸಿದರೆ, ಮಾತು ಕೇಳದಷ್ಟು ಕ್ಷೀಣ ಸಿಗ್ನಲ್‌ನಲ್ಲೂ ಮೆಸೇಜ್ ಮೂಲಕ ತುರ್ತು ಸೇವೆ ಕರೆಯಬಹುದು. ಹೆಚ್ಚಿನ ವ್ಯಾನುಗಳಲ್ಲಿ ಸ್ಟೆಪ್ನಿ ಇರಲ್ಲ, ಬರೀ ಅಂಟು ದ್ರವ ಮತ್ತು ಪಂಪ್. ಟೈರಿನ ಬದಿ ಕಲ್ಲಿಗೆ ಸೀಳಿದರೆ ಅದು ಕೆಲಸಕ್ಕೆ ಬರಲ್ಲ. ಬ್ರೇಕ್‌ಡೌನ್ ಕವರ್‌ನಲ್ಲಿ ಟೈರ್ ಸೇರಿದೆಯಾ, ಇನ್ಶೂರೆನ್ಸ್‌ನಲ್ಲಿ ಟೈರ್, ಗಾಜು, ಛಾವಣಿ, ಗಾಡಿಯ ಅಡಿಭಾಗ ಬಿಟ್ಟಿದ್ದಾರಾ ಅಂತ ಕೇಳಿ. ಕೀಲಿ ಕೈಗೆ ಬಂದಾಗ ನಾಲ್ಕೂ ರಿಮ್, ಕನ್ನಡಿ, ಪಾಪ್‌ಟಾಪ್ ಬಟ್ಟೆಯ ವಿಡಿಯೋ ತೆಗೆದಿಡಿ.

---

ಖಡಕ್_ರೊಟ್ಟಿ

ಒಂದ ಮಾತು ಬಿಟ್ಟಿತ್ರಿ. ಎ9 ಮ್ಯಾಲ ಸರಾಸರಿ ವೇಗ ಅಳಿಯೋ ಕ್ಯಾಮೆರಾ ಅದಾವ, ಅವು ಇನ್ವರ್ನೆಸ್‌ನ ದಕ್ಷಿಣಕ್ಕ. ನೀವು ಉತ್ತರಕ್ಕ ಹೊಂಟೀರಿ ಅಂತ ಮೈಮರೀಬ್ಯಾಡ್ರಿ. ಕುಡ್ಯೋರಿದ್ರ, ಸ್ಕಾಟ್ಲೆಂಡಿನ ಮಿತಿ 100 ಮಿ.ಲೀ. ರಕ್ತಕ್ಕ 50 ಮಿ.ಗ್ರಾಂ., ಇಂಗ್ಲೆಂಡಿನ್ಯಾಗಿನ 80 ಅಲ್ಲ. ರಾತ್ರಿ ಕುಡದದ್ದು ಮುಂಜಾನಿ ಲೆಕ್ಕಕ್ಕ ಬರತೈತಿ.